ವ್ಯಾನಿನ ಬೆನ್ನಿಗೆ ಸ್ಕೂಟರ್: ಅರೋರಾದಿಂದ ಮ್ಯಾಡಿಸನ್‌ವರೆಗೆ

ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಬಚ್ಚಲುಮನೆಯ ತೂಕದ ಮೆಷಿನ್ನನ್ನು ಗ್ಯಾರೇಜಿಗೆ ತಂದೆ. ಮಗಳ ಸ್ಕೂಟರಿನ ಹಿಂದಿನ ಚಕ್ರವನ್ನು ಅದರ ಮೇಲೆ ಹತ್ತಿಸಿದೆ. ಮುಂದಿನ ಚಕ್ರದ ಕೆಳಗೆ ಅಷ್ಟೇ ಎತ್ತರದ ಹಲಗೆ ಇಟ್ಟೆ, ಗಾಡಿ ಸಮವಾಗಿ ನಿಲ್ಲಲಿ ಅಂತ. ಹಿಂದೆ 51 ಕಿಲೋ ಬಂತು. ಅದಲು ಬದಲು ಮಾಡಿ ನೋಡಿದರೆ ಮುಂದೆ 30. ಒಟ್ಟು 81. ಇದು 49 ಸಿಸಿಯ ಹೋಂಡಾ ಮೆಟ್ರೋಪಾಲಿಟನ್. ಕಂಪನಿಯ ಲೆಕ್ಕದಲ್ಲಿ 179 ಪೌಂಡ್, ಅಂದರೆ ಅದೇ 81 ಕಿಲೋ. ಬಚ್ಚಲುಮನೆಯ ಮೆಷಿನ್ ಇಷ್ಟು ಪ್ರಾಮಾಣಿಕ ಅಂತ ಗೊತ್ತಾಗಿ ನನಗೆ ಸ್ವಲ್ಪ ಬೇಜಾರೂ ಆಯಿತು.

"ರೀ, ಈಗ ಸ್ಕೂಟರಿಗೂ ಡಯಟ್ಟಾ?" ಅಂತ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

ವಿಷಯ ಇಷ್ಟು. ನಾವಿರುವುದು ಶಿಕಾಗೋ ಪಕ್ಕದ ಅರೋರಾದಲ್ಲಿ. ಮಗಳು ಓದುವುದು ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ. ಹೆಚ್ಚೂಕಮ್ಮಿ 200 ಕಿಲೋಮೀಟರ್ ದೂರ. ಆ ಕ್ಯಾಂಪಸ್ಸಿನಲ್ಲಿ ಪುಟ್ಟ ಸ್ಕೂಟರುಗಳದ್ದೇ ರಾಜ್ಯ. ಮೊಪೆಡ್ ಅಂತ ಕರೆಯುತ್ತಾರೆ. ನಿಲ್ಲಿಸಲು ಬೇರೆ ಜಾಗ, ಅದಕ್ಕೆ ಬೇರೆ ಪರ್ಮಿಟ್ಟು. ಮೈಸೂರಿನಲ್ಲಿ ಸೋದರಮಾವನ ಆಕ್ಟಿವಾ ಮೇಲೆ ಗಾಡಿ ಕಲಿತವಳು ಎರಡನೇ ವರ್ಷಕ್ಕೆ "ಅಪ್ಪ, ನನಗೂ ಒಂದು ಬೇಕು" ಅಂದಳು. ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು, ಆದರೆ ಸಿಕ್ಕಿದ್ದು ಅರೋರಾದಲ್ಲಿ. 50 ಸಿಸಿ ಗಾಡಿಯನ್ನು ಇಂಟರ್‌ಸ್ಟೇಟ್ ಹೆದ್ದಾರಿಗೆ ಬಿಡುವುದಿಲ್ಲ, ಬಿಟ್ಟರೂ ನಾನು ಬಿಡುವುದಿಲ್ಲ. ಹಾಗಾಗಿ ನಮ್ಮ ಟೊಯೊಟಾ ಸಿಯೆನ್ನಾ ವ್ಯಾನೇ ಹೊತ್ತುಕೊಂಡು ಹೋಗಬೇಕು.

ವ್ಯಾನಿನ ಒಳಗೇ ಹಾಕಬಹುದಿತ್ತಲ್ವಾ ಅಂತ ಎಲ್ಲರೂ ಕೇಳಿದರು. ಹಾಕಬಹುದಿತ್ತು. ಮೂರನೇ ಸಾಲಿನ ಸೀಟು ನೆಲದೊಳಗೆ ಮಡಚಿಕೊಳ್ಳುತ್ತದೆ, ಎರಡನೇ ಸಾಲನ್ನು ಬಿಚ್ಚಿ ಇಳಿಸಬಹುದು. ಆದರೆ ಹೊರಟವರು ನಾಲ್ಕು ಜನ. ಜೊತೆಗೆ ಸೂಟ್‌ಕೇಸು, ಮಿಕ್ಸಿ, ಸೋನಾ ಮಸೂರಿ ಚೀಲ, ಉಪ್ಪಿನಕಾಯಿ ಡಬ್ಬಿ. ಮೇಲೆ ಎರಡೂವರೆ ಗಂಟೆ ಪೆಟ್ರೋಲ್ ವಾಸನೆ. ಇಬ್ಬರೇ ಹೋಗುವುದಾಗಿದ್ದರೆ ಟ್ಯಾಂಕ್ ಖಾಲಿ ಮಾಡಿ ಒಳಗೇ ಮಲಗಿಸುತ್ತಿದ್ದೆ, ಈ ಕಥೆಯೇ ಇರುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಅಪ್ಪನ ಚೇತಕ್ ರೈಲಿನಲ್ಲಿ ಬಂದದ್ದು ನೆನಪಿದೆ. ಪಾರ್ಸೆಲ್ ಆಫೀಸಿನಲ್ಲಿ ಪೆಟ್ರೋಲ್ ಪೂರ್ತಿ ಇಳಿಸಿ, ಹುಲ್ಲು ತುಂಬಿ, ಗೋಣಿಚೀಲ ಸುತ್ತಿ, ಹೊಲಿದು, ಮೇಲೆ ಬಣ್ಣದಲ್ಲಿ ಹೆಸರು ಬರೆದಿದ್ದರು. ಮದುವೆ ಹೆಣ್ಣಿಗೂ ಅಷ್ಟು ಸಿಂಗಾರ ಇರಲ್ಲ. ಇಲ್ಲಿ ಆ ಸುಖ ಇಲ್ಲ, ಎಲ್ಲ ನಾವೇ ಮಾಡಿಕೊಳ್ಳಬೇಕು.

ಮೊದಲು ಹಿಚ್. ವ್ಯಾನಿನ ಬಂಪರ್ ಕೆಳಗೆ ಅಡ್ಡಲಾಗಿ ಕೂರುವ ಕಬ್ಬಿಣದ ತೊಲೆ ಅದು. ನಡುವೆ ಚೌಕದ ಬಾಯಿ ಇರುತ್ತದೆ, ಅದೇ ರಿಸೀವರ್. ಸ್ಕೂಟರ್ ಹೊರುವ ರ್ಯಾಕಿನ ನಡುಗಂಬ ಇದರೊಳಗೆ ತೂರುತ್ತದೆ. ಕ್ಲಾಸ್ 1 ಹಿಚ್ಚಿಗೆ ಒಂದೂಕಾಲು ಇಂಚಿನ ಬಾಯಿ. ಅದರ ಮೇಲೆ ನೇರ ಕೆಳಕ್ಕೆ ಕೂರಬಹುದಾದ ಭಾರ, ಅಂದರೆ ಟಂಗ್ ವೇಟ್, ಸಾಮಾನ್ಯವಾಗಿ 200 ಪೌಂಡ್. ಕ್ಲಾಸ್ 3ಕ್ಕೆ ಎರಡು ಇಂಚಿನ ಬಾಯಿ, ತಾಕತ್ತು ಎಷ್ಟೋ ಪಾಲು ಜಾಸ್ತಿ. ಆದರೆ ದೊಡ್ಡ ಹಿಚ್ ಹಾಕಿಬಿಟ್ಟರೆ ವ್ಯಾನಿಗೆ ದೊಡ್ಡ ಶಕ್ತಿ ಬಂದುಬಿಡುವುದಿಲ್ಲ. ನಮ್ಮ ಸಿಯೆನ್ನಾ 3,500 ಪೌಂಡ್ ಎಳೆಯಬಹುದು, ಹಿಚ್ ಮೇಲೆ 350 ಪೌಂಡ್ ಹೊರಬಹುದು. ಹಿಚ್ಚಿನದು, ವ್ಯಾನಿನದು, ರ್ಯಾಕಿನದು, ಈ ಮೂರರಲ್ಲಿ ಯಾವುದು ಕಡಿಮೆಯೋ ಅದೇ ನಮ್ಮ ಮಿತಿ. ಒಂದೂಕಾಲು ಇಂಚಿನ ಬಾಯಿಗೆ ಎರಡು ಇಂಚಿನ ಅಡಾಪ್ಟರ್ ಸಿಗುತ್ತದೆ. ಮೋಟರ್‌ಸೈಕಲ್ ರ್ಯಾಕಿಗೆ ಅದನ್ನು ಮುಟ್ಟಲೇಬೇಡಿ. ಸೈಕಲ್ ಹಾಕಿಕೊಳ್ಳುವವರಿಗೆ ಸರಿ.

ಕ್ಲಾಸ್ 3 ಹಿಚ್ ತರಿಸಿದೆ. ಕೊರೆಯುವುದೇನೂ ಇಲ್ಲ, ವ್ಯಾನಿನ ಚೌಕಟ್ಟಿನಲ್ಲಿ ಆಗಲೇ ಬೆಸೆದಿರುವ ನಟ್ಟುಗಳಿಗೇ ಬೋಲ್ಟ್ ಹಾಕುವುದು. ಕೇಳಲು ಸುಲಭ. ಆದರೆ ಇದು ಇಲಿನಾಯ್. ಹಿಮ ಕರಗಲಿ ಅಂತ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಏಳು ಚಳಿಗಾಲ ಕಂಡ ನಟ್ಟುಗಳ ಒಳಗೆ ತುಕ್ಕು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿತ್ತು. ಹಿಂದಿನ ದಿನ ಸಂಜೆಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟೆ, ಬೆಳಿಗ್ಗೆ ಇನ್ನೊಂದು ಸಲ. ಪುಟ್ಟ ತಂತಿ ಬ್ರಷ್ಷಿನಿಂದ ಒಳಗೆಲ್ಲ ತಿಕ್ಕಿದೆ. ಆದರೂ ಒಂದು ಬೋಲ್ಟ್ ಎರಡು ಸುತ್ತು ಹೋಗಿ ಬಿಗಿಯಾಯಿತು. ಇಲ್ಲಿ ನನ್ನ ತಪ್ಪು: ಕೈಯಲ್ಲಿ ತಿರುಗದ್ದಕ್ಕೆ ಸ್ಪ್ಯಾನರ್ ಹಾಕಿದೆ. ಕಿರ್ ಅಂತು. ಬಿಚ್ಚಿ ನೋಡಿದರೆ ಬೋಲ್ಟಿನ ಮೊದಲೆರಡು ಎಳೆ ಮಲಗಿದ್ದವು. ಅಂಗಡಿಗೆ ಹೋಗಿ ಅದೇ ಅಳತೆಯ ಟ್ಯಾಪ್, ಅಂದರೆ ನಟ್ಟಿನೊಳಗೆ ಎಳೆ ಕೊರೆಯುವ ಉಪಕರಣ, ತಂದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ ಅಂತ ನಿಧಾನವಾಗಿ ಎಳೆಗಳನ್ನು ಸರಿ ಮಾಡಿದೆ. ಆ ಒಂದು ನಟ್ಟಿಗೆ ಒಂದೂವರೆ ಗಂಟೆ. ಮಿಕ್ಕ ಎಲ್ಲಕ್ಕೂ ಸೇರಿ ನಲವತ್ತು ನಿಮಿಷ.

ಎಕ್ಸಾಸ್ಟ್ ಪೈಪು ಹಿಚ್ಚಿಗೆ ಅಡ್ಡ ಬರುತ್ತದೆ. ಅದನ್ನು ನೇತುಹಾಕಿರುವ ರಬ್ಬರ್ ಬಳೆಗಳನ್ನು ಸಾಬೂನು ನೀರು ಹಚ್ಚಿ ಜಾರಿಸಿದರೆ ಪೈಪು ಒಂದು ಗೇಣು ಇಳಿಯುತ್ತದೆ. ಇಳಿದ ಪೈಪಿಗೆ ಕೆಳಗಿಂದ ಆಸರೆ ಕೊಡಬೇಕು. ಹಿಚ್ ಎತ್ತಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಪಕ್ಕದ ಬೀದಿಯ ಹುಬ್ಬಳ್ಳಿ ಗೆಳೆಯರು ಬಂದರು. ವ್ಯಾನಿನ ಕೆಳಗೆ ಅಂಗಾತ ಮಲಗಿ, ಎದೆಯ ಮೇಲೆ ಹಿಚ್ ಇಟ್ಟುಕೊಂಡು, "ಹಿಡದೇನ್ರಿ, ಲಗೂ ಬೋಲ್ಟ್ ಹಾಕ್ರಿ, ಮಾತು ಆಮೇಲೆ" ಅಂದರು. ಟಾರ್ಕ್ ರೆಂಚ್ (ಬೇಕಾದಷ್ಟು ಬಿಗಿದಾಗ ಸದ್ದು ಮಾಡುವ ಸ್ಪ್ಯಾನರ್) ಕ್ಲಿಕ್ ಅನ್ನುವವರೆಗೆ ಅವರು ಮಾತಾಡಲಿಲ್ಲ, ಅದೊಂದು ದಾಖಲೆ.

ರ್ಯಾಕ್ ಹಳೆಯದು. ಎರಡು ಊರು ಆಚೆ ಒಬ್ಬರು ಗ್ಯಾರೇಜ್ ಖಾಲಿ ಮಾಡುತ್ತಿದ್ದರು, ಅವರಿಂದ ಕೊಂಡೆ. ಉಕ್ಕಿನದು. ಸ್ಕೂಟರ್ ಅಡ್ಡಲಾಗಿ ನಿಲ್ಲಲು ಒಂದು ಉದ್ದ ತಗಡಿನ ದೋಣಿ, ಒಂದು ತುದಿಯಲ್ಲಿ ಮುಂದಿನ ಚಕ್ರ ಹಿಡಿಯುವ ಕಬ್ಬಿಣದ ಬಾಯಿ, ಹತ್ತಿಸಲು ಒಂದು ರ್ಯಾಂಪ್. ಪಟ್ಟಿ ಕಟ್ಟಲು ದೋಣಿಯ ಎರಡೂ ಬದಿಗೆ ಚಾಚಿಕೊಂಡ ತೋಳುಗಳು. 400 ಪೌಂಡ್ ತಡೆಯುತ್ತದೆ ಅಂತ ಮೈಮೇಲೆ ಬರೆದಿದೆ. ಅದರದೇ ತೂಕ 34 ಕಿಲೋ. ಅಲ್ಯುಮಿನಿಯಮ್ಮಿನದು ಇನ್ನೂ ಹಗುರ, ಬೆಲೆ ಮಾತ್ರ ಹಗುರ ಅಲ್ಲ. ಸ್ಕೂಟರ್ 81, ರ್ಯಾಕ್ 34, ಒಟ್ಟು 115 ಕಿಲೋ, ಅಂದರೆ 254 ಪೌಂಡ್. ಮಿತಿ 350. ಆಯ್ತಲ್ಲ, ಇನ್ನೇನು ಬೇಕು ಅಂತ ಅವತ್ತು ಸಂಜೆಯೇ ಸ್ಕೂಟರ್ ಹತ್ತಿಸಿ ಬಡಾವಣೆಯೊಳಗೆ ಒಂದು ಸುತ್ತು ಹೊರಟೆ.

ಎರಡನೇ ಹಂಪ್ ದಾಟುವಾಗಲೇ ಕನ್ನಡಿಯಲ್ಲಿ ಕಂಡಿತು. ಸ್ಕೂಟರ್ ತಲೆ ಆಡಿಸುತ್ತಿತ್ತು. ಬೇಡ ಬೇಡ ಅನ್ನುವ ಹಾಗೆ. ಇಳಿದು ನೋಡಿದರೆ ರ್ಯಾಕ್ ಒಂದು ಕಡೆಗೆ ವಾಲಿದೆ. ಹಿಂದಿನ ಚಕ್ರ ಇರುವ ತುದಿ ಮುಂದಿನದಕ್ಕಿಂತ ನಾಲ್ಕು ಬೆರಳು ಕೆಳಗೆ. ಹ್ಯಾಂಡಲಿಗೆ ಬಿಗಿದ ಪಟ್ಟಿಯಿಂದ ಮೀಟರಿನ ಸುತ್ತಲಿನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಕೂದಲೆಳೆಯಷ್ಟು ಬಿರುಕು. ನಡೆಯುವ ವೇಗದಲ್ಲಿ ಮನೆಗೆ ವಾಪಸ್ ತಂದೆ. ಮಗಳಿಗೆ ಬಿರುಕಿನ ವಿಷಯ ಹೇಳಿದ್ದು ಎರಡು ದಿನ ಬಿಟ್ಟು.

ಆ ರಾತ್ರಿ ಅನ್ನಿಸಿತು, ನಾನು ತೂಕವನ್ನಷ್ಟೇ ಲೆಕ್ಕ ಹಾಕಿದ್ದೆ. ತೂಕ ಎಲ್ಲಿ ಕೂತಿದೆ ಅಂತ ನೋಡಿರಲಿಲ್ಲ.

ಮೊದಲನೆಯದು, ಎಡ ಬಲದ ಲೆಕ್ಕ. ಸ್ಕೂಟರಿನ ಎಂಜಿನ್ ಹಿಂದಿನ ಚಕ್ರಕ್ಕೇ ಅಂಟಿಕೊಂಡಿರುತ್ತದೆ. ಹಾಗಾಗಿಯೇ 51 ಮತ್ತು 30. ಎರಡು ಚಕ್ರದ ನಡುವೆ ಟೇಪು ಹಿಡಿದರೆ 118 ಸೆಂಟಿಮೀಟರ್. ಅದನ್ನು ಮುಂದಿನ ಚಕ್ರದ ಪಾಲಿನಿಂದ, ಅಂದರೆ 81ರಲ್ಲಿ 30ರಿಂದ, ಗುಣಿಸಿದರೆ ಸುಮಾರು 44. ಹಿಂದಿನ ಚಕ್ರದಿಂದ 44 ಸೆಂಟಿಮೀಟರ್ ಮುಂದಕ್ಕೆ ಗಾಡಿಯ ತೂಕದ ನಡು. ಚಕ್ರಗಳ ನಡು ಇರುವುದು 59ರಲ್ಲಿ. ರ್ಯಾಕ್ ಮಾಡಿದವರು ಮೋಟರ್‌ಸೈಕಲ್ ಮನಸ್ಸಿನಲ್ಲಿಟ್ಟು ಮಾಡಿದ್ದಾರೆ. ಅದರ ಎಂಜಿನ್ ನಡುವೆ ಇರುತ್ತದೆ, ಸರಿಹೋಗುತ್ತದೆ. ನಮ್ಮ ಸ್ಕೂಟರ್ ಮಾತ್ರ 15 ಸೆಂಟಿಮೀಟರ್ ಒಂದು ಪಕ್ಕಕ್ಕೆ ಭಾರ. ಏತಪಾತದ ಒಂದು ತುದಿಗೆ ದಪ್ಪ ಹುಡುಗನನ್ನು ಕೂರಿಸಿದ ಹಾಗೆ.

ಪರಿಹಾರ ಸುಲಭ: ಚಕ್ರ ಹಿಡಿಯುವ ಕಬ್ಬಿಣದ ಬಾಯನ್ನು 15 ಸೆಂಟಿಮೀಟರ್ ಹೊರಕ್ಕೆ ಸರಿಸಿ ಹೊಸ ತೂತು ಕೊರೆಯುವುದು. ಆಗ ಸ್ಕೂಟರಿನ ತೂಕದ ನಡು ಸರಿಯಾಗಿ ರ್ಯಾಕಿನ ನಡುಗಂಬದ ಮೇಲೆ ಬರುತ್ತದೆ. ನೋಡಲು ಸ್ಕೂಟರ್ ಓರೆಯಾಗಿ ನಿಂತ ಹಾಗೆ ಕಾಣುತ್ತದೆ, ಮುಂದಿನ ಚಕ್ರ ಒಂದು ಕಡೆ ಜಾಸ್ತಿ ಚಾಚಿರುತ್ತದೆ. ವ್ಯಾನಿನ ಅಗಲ ಎರಡು ಮೀಟರಿಗೆ ಒಂದು ಸೆಂಟಿಮೀಟರ್ ಕಡಿಮೆ, ಸ್ಕೂಟರಿನ ಉದ್ದ 168. ನಡು ತಪ್ಪಿಸಿ ನಿಲ್ಲಿಸಿದರೂ ವ್ಯಾನಿನ ಅಂಚು ದಾಟಲಿಲ್ಲ.

ಕೊರೆಯುವಾಗಲೇ ಇನ್ನೊಂದು ಸರಿ ಮಾಡಿದೆ. ಆ ಕಬ್ಬಿಣದ ಬಾಯಿ ಇರುವುದು ದೊಡ್ಡ ಚಕ್ರಕ್ಕೆ. ನಮ್ಮ 10 ಇಂಚಿನ ಚಕ್ರ ಅದರೊಳಗೆ ಮಗುವಿನ ಕಾಲು ಅಪ್ಪನ ಚಪ್ಪಲಿಯಲ್ಲಿ ಇದ್ದ ಹಾಗೆ ಸಡಿಲವಾಗಿ ಆಡುತ್ತಿತ್ತು. ಎರಡೂ ಪಕ್ಕ ಮರದ ತುಂಡು ಕೊಯ್ದು ಬೋಲ್ಟ್ ಮಾಡಿದೆ, ಮೇಲೆ ಹಳೆಯ ಟ್ಯೂಬಿನ ರಬ್ಬರ್. ಈಗ ಚಕ್ರ ಒಳಗೆ ಹೋದರೆ ಒಂದು ಸಲ ಟಪ್ ಅಂದು ಸುಮ್ಮನಾಗುತ್ತದೆ.

ಎರಡನೆಯದು, ಹಿಂದು ಮುಂದಿನ ಲೆಕ್ಕ. ಇದೇ ನನಗೆ ತಲೆ ತಿಂದದ್ದು. 350 ಪೌಂಡ್ ಅನ್ನುವ ಮಿತಿ ಟ್ರೇಲರ್ ಎಳೆಯುವ ಗುಂಡಿನ ಜಾಗಕ್ಕೆ ಹೇಳಿದ್ದು. ಗುಂಡು ಹಿಚ್ಚಿನ ಪಿನ್ನಿನಿಂದ (ರಿಸೀವರಿಗೆ ತೂರಿಸಿದ್ದು ಜಾರದ ಹಾಗೆ ಅಡ್ಡಲಾಗಿ ಹಾಕುವ ಕಡ್ಡಿ) ಒಂದು ಗೇಣು ಚಿಲ್ಲರೆ ಹಿಂದೆ ಇರುತ್ತದೆ, 25 ಸೆಂಟಿಮೀಟರ್ ಅಂದುಕೊಳ್ಳಿ. ನನ್ನ ಸ್ಕೂಟರ್ ನಿಂತಿದ್ದು ಪಿನ್ನಿನಿಂದ 46 ಸೆಂಟಿಮೀಟರ್ ಹಿಂದೆ. ಬಿಂದಿಗೆಯನ್ನು ಸೊಂಟದ ಮೇಲೆ ಇಟ್ಟುಕೊಂಡು ನಡೆಯುವುದಕ್ಕೂ, ಕೈ ಚಾಚಿ ಹಿಡಿದು ನಡೆಯುವುದಕ್ಕೂ ಇರುವ ವ್ಯತ್ಯಾಸ ಇದು. ತೂಕ ಅದೇ, ರಟ್ಟೆಗೆ ಮಾತ್ರ ಬೇರೆ. 159 ಕಿಲೋ ಭಾರ 25 ಸೆಂಟಿಮೀಟರಿನಲ್ಲಿ ಕೂತರೆ ರಿಸೀವರಿಗೆ ಬೀಳುವ ತಿರುಚು ಸುಮಾರು 40 ಕಿಲೋ-ಮೀಟರ್ (ದೂರದ ಕಿಲೋಮೀಟರ್ ಅಲ್ಲ, ಕಿಲೋ ಗುಣಿಸು ಮೀಟರ್). ನನ್ನ 115 ಕಿಲೋ 46 ಸೆಂಟಿಮೀಟರಿನಲ್ಲಿ ಕೂತರೆ 53. ಅಂದರೆ ತೂಕದಲ್ಲಿ ಪಾಸು, ತಿರುಚಿನಲ್ಲಿ ಫೇಲು.

ಹಿಚ್ಚಿನ ಸ್ವಂತ ತಾಕತ್ತು ವ್ಯಾನಿನ ಮಿತಿಗಿಂತ ಜಾಸ್ತಿಯೇ ಇದೆ, ಹಾಗಾಗಿ ಕೂಡಲೇ ಮುರಿದು ಬೀಳುತ್ತಿರಲಿಲ್ಲ. ಆದರೆ ಗುಂಡಿಯಲ್ಲಿ ಕುಣಿದರೆ ನಿಂತ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಹೊಡೆತ ಬೀಳುತ್ತದೆ. ಅದನ್ನು ತಡೆಯುವುದು ತುಕ್ಕು ತಿಕ್ಕಿ ಬೋಲ್ಟ್ ಹಾಕಿದ ಅದೇ ನಟ್ಟುಗಳು. ಸಾಲ ಸಿಗುತ್ತದೆ ಅಂತ ತೆಗೆದುಕೊಳ್ಳುವ ಬುದ್ಧಿ ನನ್ನದಲ್ಲ.

ರ್ಯಾಕಿನ ನಡುಗಂಬದಲ್ಲಿ ಪಿನ್ ಹಾಕಲು ಎರಡು ತೂತು ಇದ್ದವು. ಒಳಗಿನ ತೂತಿಗೆ ಹಾಕಿದರೆ ಇಡೀ ರ್ಯಾಕ್ ವ್ಯಾನಿಗೆ 10 ಸೆಂಟಿಮೀಟರ್ ಹತ್ತಿರ ಬರುತ್ತದೆ. ಆಗ 36 ಸೆಂಟಿಮೀಟರ್, ತಿರುಚು 41, ಹೆಚ್ಚೂಕಮ್ಮಿ ಆ 40ರ ಹತ್ತಿರ. ಬರೀ ಒಂದು ತೂತು ಬದಲಾಯಿಸಿದ್ದಕ್ಕೆ ಐದನೇ ಒಂದು ಪಾಲು ಇಳಿಯಿತು. ಮಾರಿದವರು ಯಾಕೆ ಹೊರಗಿನ ತೂತು ಬಳಸುತ್ತಿದ್ದರು ಅಂತ ಆಗಲೇ ಗೊತ್ತಾಯಿತು. ಹತ್ತಿರ ತಂದರೆ ಹ್ಯಾಂಡಲ್ ವ್ಯಾನಿನ ಹಿಂದಿನ ಗಾಜಿಗೆ ತಾಗುತ್ತದೆ! ಸ್ಕೂಟರ್ ಅಡ್ಡಲಾಗಿ ನಿಲ್ಲುವುದರಿಂದ ಹ್ಯಾಂಡಲಿನ ಒಂದು ಹಿಡಿ ನೇರ ವ್ಯಾನಿನ ಕಡೆಗೆ ಚಾಚಿರುತ್ತದೆ. ಹ್ಯಾಂಡಲ್ ಸ್ವಲ್ಪ ತಿರುಗಿಸಿ ನೋಡಿದೆ, ಚಕ್ರ ಆ ಮರದ ಹಿಡಿತದಿಂದ ಎದ್ದು ಬರುತ್ತದೆ. ಕೊನೆಗೆ ಆ ಬದಿಯ ಕನ್ನಡಿ ಬಿಚ್ಚಿದೆ. ಬ್ರೇಕ್ ಲಿವರಿನ ತುದಿಗೆ ಟೆನಿಸ್ ಚೆಂಡು ಸೀಳಿ ಸಿಕ್ಕಿಸಿದೆ. ಗಾಜಿಗೂ ಚೆಂಡಿಗೂ ನಡುವೆ ಎರಡು ಬೆರಳು ಸಂದು. ಒಂದು ಸಲ ಜೋರಾಗಿ ಅಲುಗಾಡಿಸಿ ನೋಡಿದೆ, ತಾಗಲಿಲ್ಲ.

ರಿಸೀವರ್ ಬಾಯಿಗೂ ರ್ಯಾಕಿನ ಕಂಬಕ್ಕೂ ನಡುವೆ ಸ್ವಲ್ಪ ಸಡಿಲು ಇದ್ದೇ ಇರುತ್ತದೆ. ಒಂದಿಷ್ಟೇ ಸಡಿಲು ರ್ಯಾಕಿನ ತುದಿಗೆ ಹೋಗುವಷ್ಟರಲ್ಲಿ ನಾಲ್ಕು ಬೆರಳು ಆಗುತ್ತದೆ. ಇದಕ್ಕೆ ಯು ಆಕಾರದ ಬೋಲ್ಟಿರುವ ಕ್ಲಾಂಪು ಸಿಗುತ್ತದೆ, ಎರಡನ್ನೂ ಸೇರಿಸಿ ಬಿಗಿಯುವುದು. ಹಾಕಿದ ಮೇಲೆ ಸ್ಕೂಟರ್ ತಲೆ ಆಡಿಸುವುದನ್ನು ಬಿಟ್ಟಿತು. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಇಷ್ಟು ಲಾಭ ಕೊಟ್ಟ ಸಾಮಾನು ಇನ್ನೊಂದಿಲ್ಲ.

ಇನ್ನು ಕಟ್ಟುವುದು. ಮೋಟರ್‌ಸೈಕಲ್ಲಿಗೆ ಹ್ಯಾಂಡಲ್ ಹಿಡಿದು ಕೆಳಕ್ಕೆ ಎಳೆದರೆ ಮುಗಿಯಿತು. ಸ್ಕೂಟರಿನ ಹ್ಯಾಂಡಲ್ ಪೂರ್ತಿ ಪ್ಲಾಸ್ಟಿಕ್ ಅಂಗಿ ತೊಟ್ಟಿರುತ್ತದೆ, ಅದರ ಮೇಲೆ ಪಟ್ಟಿ ಬಿಗಿದರೆ ನನ್ನ ಬಿರುಕೇ ಗತಿ. ಹಳೆಯ ವೆಸ್ಪಾ ಸಾಗಿಸುವವರ ಒಂದು ಉಪಾಯ ಇದೆ. ಕಾಲಿಡುವ ಜಾಗದ ಮೇಲೆ ಅಡ್ಡಲಾಗಿ ಒಂದು ಗಟ್ಟಿ ಮರದ ತುಂಡು ಇಟ್ಟು, ಅದರ ಎರಡೂ ತುದಿಯಿಂದ ಪಟ್ಟಿ ಕೆಳಕ್ಕೆ ಎಳೆಯುವುದು. ಕಾಲಿಡುವ ಜಾಗದ ಕೆಳಗೆ ಕಬ್ಬಿಣದ ಚೌಕಟ್ಟು ಇರುವುದರಿಂದ ಭಾರ ಅದಕ್ಕೇ ಹೋಗುತ್ತದೆ. ಮರದ ಕೆಳಗೆ ಹಳೆಯ ಜಮಖಾನದ ತುಂಡು ಹಾಸಿದೆ, ಅಮ್ಮ ಊರಿನಿಂದ ಕಳಿಸಿದ್ದು. ಹರಿದಿದೆ, ಎಸೆಯಲು ಮನಸ್ಸಿಲ್ಲ ಅಂತ ಇಟ್ಟುಕೊಂಡಿದ್ದೆವು. ಹೆಂಡತಿಗೆ ಇದು ಅಷ್ಟು ಸರಿಬರಲಿಲ್ಲ.

ಮರದ ಎರಡು ಪಟ್ಟಿಯಲ್ಲದೆ ಮುಂದಿನ ಫೋರ್ಕಿನ ಬುಡಕ್ಕೆ ಮೆತ್ತನೆಯ ಕುಣಿಕೆ ಸುತ್ತಿ ಎರಡೂ ಬದಿಗೆ ಎಳೆದೆ. ಹಿಂದೆ ಸೀಟಿನ ಹಿಂದಿನ ಹಿಡಿಗಂಬಿಯಿಂದ ಎರಡು. ಅದು ಚೌಕಟ್ಟಿಗೇ ಬೋಲ್ಟ್ ಆಗಿದೆ ಅಂತ ಮೊದಲು ನೋಡಿಕೊಂಡೆ. ದೊಡ್ಡ ಸ್ಟ್ಯಾಂಡ್ ಹಾಕಬಾರದು, ಗಾಡಿ ಎರಡು ಚಕ್ರದ ಮೇಲೇ ನಿಲ್ಲಬೇಕು. ಸ್ಟ್ಯಾಂಡ್ ಹಾಕಿದರೆ ಪ್ರತಿ ಗುಂಡಿಗೂ ಅದೇ ಮೊಳೆಯಂತೆ ತಗಡನ್ನು ಕುಟ್ಟುತ್ತದೆ. ಪಟ್ಟಿಯನ್ನು ಸಸ್ಪೆನ್ಷನ್ ಅರ್ಧ ಕೂರುವಷ್ಟು ಬಿಗಿದರೆ ಸಾಕು. ಪೂರ್ತಿ ಕೂರಿಸಿದರೆ ಗಾಡಿಯ ಮೈಗೆಲ್ಲ ಹೊಡೆತ. ಕಡಿಮೆ ಬಿಗಿದರೆ ಗುಂಡಿಯಲ್ಲಿ ಗಾಡಿ ಕುಗ್ಗಿದಾಗ ಕೊಕ್ಕೆ ಕಳಚಿಕೊಳ್ಳುತ್ತದೆ.

ಪಟ್ಟಿ ಕೊಳ್ಳುವಾಗ ಒಂದು ಮಾತು. ಪ್ಯಾಕೆಟ್ಟಿನ ಮೇಲೆ ದೊಡ್ಡದಾಗಿ 1,500 ಪೌಂಡ್ ಅಂತ ಇರುತ್ತದೆ. ಅದು ಹರಿದುಹೋಗುವ ಭಾರ. ನಂಬಬೇಕಾದದ್ದು ಪಟ್ಟಿಗೆ ಹೊಲಿದ ಪುಟ್ಟ ಚೀಟಿಯಲ್ಲಿ ಇರುವ ಕೆಲಸದ ಭಾರವನ್ನು, ಅಂದರೆ ಪಟ್ಟಿ ನಿಶ್ಚಿಂತೆಯಿಂದ ತಡೆಯುವ ಭಾರವನ್ನು. ಅದು ಮೂರನೇ ಒಂದು ಪಾಲು, 500. ಉಳಿದ ಬಾಲವನ್ನು ಗಂಟು ಹಾಕಿಡಿ, ಇಲ್ಲದಿದ್ದರೆ ದಾರಿಯುದ್ದಕ್ಕೂ ಗಾಳಿಗೆ ಬಡಿದು ಬಣ್ಣ ಎಬ್ಬಿಸುತ್ತದೆ. ಸ್ಕೂಟರಿಗೆ ಗೇರಿಲ್ಲ, ಗೇರಿನಲ್ಲಿ ನಿಲ್ಲಿಸುವ ಹಾಗಿಲ್ಲ. ಅದಕ್ಕೆ ಎಡ ಬ್ರೇಕ್ ಲಿವರನ್ನು ಮಗಳ ಕೂದಲಿನ ರಬ್ಬರ್ ಬ್ಯಾಂಡಿನಿಂದ ಎರಡು ಸುತ್ತು ಸುತ್ತಿ ಹಿಡಿಸಿದೆ. ಈ ಗಾಡಿಯಲ್ಲಿ ಎಡ ಲಿವರ್ ಒತ್ತಿದರೆ ಎರಡೂ ಚಕ್ರ ಹಿಡಿಯುತ್ತವೆ.

ಹತ್ತಿಸುವುದು ನಾನು ಹೆದರಿದಷ್ಟು ಕಷ್ಟ ಆಗಲಿಲ್ಲ. ಪುಟ್ಟ ಚಕ್ರದ ಗಾಡಿ ರ್ಯಾಂಪಿನ ತಲೆಯಲ್ಲಿ ಹೊಟ್ಟೆ ತಾಗಿಸಿ ಸಿಕ್ಕಿಕೊಳ್ಳುತ್ತದೆ, ಅಷ್ಟೆ. ರ್ಯಾಂಪಿನ ಬುಡವನ್ನು ಫುಟ್‌ಪಾತಿನ ಅಂಚಿನ ಮೇಲೆ ಇಟ್ಟರೆ ಒಂದು ಗೇಣು ಎತ್ತರ ಪುಕ್ಕಟೆ ಸಿಗುತ್ತದೆ, ಹೊಟ್ಟೆ ತಾಗುವುದಿಲ್ಲ. ಒಬ್ಬರು ಹ್ಯಾಂಡಲ್, ಒಬ್ಬರು ಹಿಂದಿನಿಂದ. ಎಂಜಿನ್ ಚಾಲೂ ಮಾಡಿ ಹತ್ತಿಸಲು ಹೋಗಬೇಡಿ. ಒಂದು ಚೂರು ಜಾಸ್ತಿ ಥ್ರಾಟಲ್ ಕೊಟ್ಟರೆ ಸ್ಕೂಟರ್ ಆ ಕಡೆಯಿಂದ ಇಳಿದುಹೋಗುತ್ತದೆ.

ದೀಪ ಮತ್ತು ನಂಬರ್ ಪ್ಲೇಟ್. ಸ್ಕೂಟರ್ ನಿಂತ ಮೇಲೆ ವ್ಯಾನಿನ ಪ್ಲೇಟ್ ಕಾಣುವುದಿಲ್ಲ, ಒಂದು ಬದಿಯ ಬ್ರೇಕ್ ಲೈಟ್ ಅರ್ಧ ಮುಚ್ಚುತ್ತದೆ. ಹಿಂದೆ ಬರುವವರಿಗೆ ನಾವು ಬ್ರೇಕ್ ಹಾಕಿದ್ದು ಗೊತ್ತಾಗದಿದ್ದರೆ ಅವರು ನೇರ ಸ್ಕೂಟರಿನ ಮೇಲೇ. ಒಂದು ಅಡ್ಡ ಪಟ್ಟಿಗೆ ಎರಡು ಎಲ್‌ಇಡಿ ದೀಪ, ನಡುವೆ ಪ್ಲೇಟು, ಅದಕ್ಕೊಂದು ಪುಟ್ಟ ಬಿಳಿ ದೀಪ ಹಾಕಿ ರ್ಯಾಕಿನ ಹೊರ ಅಂಚಿಗೆ ಬೋಲ್ಟ್ ಮಾಡಿದೆ. ವೈರು ನಾಲ್ಕು. ಇಲ್ಲಿನ ಟ್ರೇಲರುಗಳಲ್ಲಿ ಬಿಳಿ ಅರ್ತಿಂಗು, ಕಂದು ಟೈಲ್ ಲೈಟು, ಹಳದಿ ಎಡಗಡೆ, ಹಸಿರು ಬಲಗಡೆ. ಟ್ರೇಲರಿನಲ್ಲಿ ಇಂಡಿಕೇಟರಿಗೂ ಬ್ರೇಕಿಗೂ ಒಂದೇ ದೀಪ. ನಮ್ಮ ವ್ಯಾನಿನಲ್ಲಿ ಅವು ಬೇರೆ ಬೇರೆ. ಎರಡನ್ನೂ ಕೂಡಿಸಲು ನಡುವೆ ಕನ್ವರ್ಟರ್ ಡಬ್ಬಿ ಬೇಕು. ಟೈಲ್ ಲೈಟಿನ ಹಿಂದೆ ಸಿಕ್ಕಿಸುವ ತಯಾರು ವೈರಿಂಗ್ ಸಿಗುತ್ತದೆ. ನಾನು ಎಡವಿದ್ದು ಅರ್ತಿಂಗಿನಲ್ಲಿ. ಸ್ಕ್ರೂವನ್ನು ಬಣ್ಣದ ಮೇಲೇ ಹಾಕಿದ್ದೆ. ಎಡ ಇಂಡಿಕೇಟರ್ ಹಾಕಿದರೆ ಎಲ್ಲ ದೀಪವೂ ದೀಪಾವಳಿ. ಬಣ್ಣ ಕೆರೆದು ಬರಿ ಕಬ್ಬಿಣಕ್ಕೆ ಸ್ಕ್ರೂ ಹಾಕಿದ ಮೇಲೆ ಎಲ್ಲ ಸರಿಹೋಯಿತು.

ಎಕ್ಸಾಸ್ಟ್ ಬಾಯಿಯ ನೇರಕ್ಕೆ ಸ್ಕೂಟರಿನ ಟೈರ್ ಬರುತ್ತಿತ್ತು. ಬಿಸಿ ಗಾಳಿ ಎರಡು ಗಂಟೆ ಒಂದೇ ಕಡೆ ಊದಿದರೆ ರಬ್ಬರಿಗೆ ಒಳ್ಳೆಯದಲ್ಲ. ನಡುವೆ ಒಂದು ತಗಡು ಅಡ್ಡ ಇಟ್ಟೆ.

ಹೊರಡುವುದಕ್ಕೆ ಹಿಂದಿನ ಭಾನುವಾರ ಹೆದ್ದಾರಿ ಪಕ್ಕದ ಲಾರಿ ನಿಲ್ದಾಣಕ್ಕೆ ಹೋದೆ. ಅಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ದೊಡ್ಡ ತೂಕದ ಕಾಟಾ ಇರುತ್ತದೆ. ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ ಬರುವ ಹಾಗೆ ನಿಲ್ಲಿಸಿದರೆ ಬೇರೆ ಬೇರೆ ತೂಕದ ಚೀಟಿ ಕೊಡುತ್ತಾರೆ. ದೊಡ್ಡ ಲಾರಿಗಳ ಸಾಲಿನಲ್ಲಿ ಬೆನ್ನಿಗೆ ಗುಲಾಬಿ ಹೆಲ್ಮೆಟ್ ತೂಗುಹಾಕಿಕೊಂಡ ಸ್ಕೂಟರಿನ ವ್ಯಾನ್. ಹಿಂದಿನ ಲಾರಿಯವನು ಹಾರ್ನ್ ಹೊಡೆದು ನಕ್ಕ. ಪರವಾಗಿಲ್ಲ.

ರ್ಯಾಕಿಲ್ಲದೆ ಮುಂದೆ 2,760 ಪೌಂಡ್, ಹಿಂದೆ 2,180. ರ್ಯಾಕು, ಸ್ಕೂಟರ್ ಹಾಕಿದ ಮೇಲೆ ಮುಂದೆ 2,640, ಹಿಂದೆ 2,560. ಆ ಕಾಟಾ 20 ಪೌಂಡಿನ ಹೆಜ್ಜೆಯಲ್ಲೇ ತೋರಿಸುತ್ತದೆ, ಆದರೂ ಲೆಕ್ಕಕ್ಕೆ ಸರಿಹೊಂದಿತು. ಹಿಂದೆ ನೇತುಹಾಕಿದ್ದು 254 ಪೌಂಡ್. ಹಿಂದಿನ ಚಕ್ರಗಳ ಮೇಲೆ ಬಿದ್ದದ್ದು 380! ಹಿಂದಿನ ಅಚ್ಚಿನಿಂದ ಸ್ಕೂಟರ್ ಒಂದೂವರೆ ಮೀಟರಿಗೆ ತುಸು ಕಡಿಮೆ ಹಿಂದೆ, ಮುಂದಿನ ಅಚ್ಚು ಮೂರು ಮೀಟರ್ ಮುಂದೆ. ಮತ್ತೆ ಏತಪಾತ. ಈ ಕಡೆ ಅದುಮಿದಷ್ಟಕ್ಕೆ ಸುಮಾರು ಅರ್ಧ ಆ ಕಡೆ ಏಳುತ್ತದೆ. ಎದ್ದದ್ದೆಲ್ಲ ಹಿಂದಿನ ಚಕ್ರದ ತಲೆಗೇ. ಇಲ್ಲಿ ಒಂದು ತಮಾಷೆ ಇದೆ. ತೂತು ಬದಲಾಯಿಸಿ 10 ಸೆಂಟಿಮೀಟರ್ ಹತ್ತಿರ ತಂದದ್ದು ಹಿಚ್ಚಿಗೆ ಐದನೇ ಒಂದು ಪಾಲು ಉಳಿಸಿತಲ್ಲ, ಅಚ್ಚಿನ ಲೆಕ್ಕದಲ್ಲಿ ಅದರಿಂದ ಉಳಿದದ್ದು ನಾಲ್ಕು ಕಿಲೋ ಮಾತ್ರ.

ನಮ್ಮ ಸಿಯೆನ್ನಾ ಮುಂದಿನ ಚಕ್ರದಿಂದ ಓಡುವ ಗಾಡಿ. ಮುಂದೆ ಭಾರ ಕಮ್ಮಿಯಾದರೆ ಮಳೆಯಲ್ಲಿ ಹಿಡಿತ ಕಮ್ಮಿ, ಹೆಡ್‌ಲೈಟ್ ಎದುರಿನವರ ಕಣ್ಣಿಗೆ. ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ಪ್ರತಿ ಅಚ್ಚಿನ ಮಿತಿ ಬರೆದಿರುತ್ತದೆ. ಅದಕ್ಕೆ ಇನ್ನೂ ಜಾಗ ಇತ್ತು. ಹಿಂದಿನ ಸ್ಪ್ರಿಂಗಿನೊಳಗೆ ಇಡುವ ಗಾಳಿಚೀಲ ಸಿಗುತ್ತದೆ, ಹಾಕಿದರೆ ಬೆನ್ನು ಬಾಗುವುದು ನಿಲ್ಲುತ್ತದೆ. ಆದರೆ ವ್ಯಾನಿನ ಮಿತಿ ಅದರಿಂದ ಒಂದು ಪೌಂಡೂ ಏರುವುದಿಲ್ಲ. ವರ್ಷಕ್ಕೆ ಎರಡು ಸಲದ ಕೆಲಸಕ್ಕೆ ಬೇಡ ಅಂತ ಬಿಟ್ಟೆ. ಬದಲಿಗೆ ಅಕ್ಕಿ, ಮಿಕ್ಸಿ, ಪುಸ್ತಕ ಎಲ್ಲವನ್ನೂ ಎರಡನೇ ಸಾಲಿನ ಕಾಲ ಬಳಿ ತುಂಬಿದೆ. ಹಿಂದಿನ ಡಿಕ್ಕಿಯಲ್ಲಿ ಬರೀ ದಿಂಬು, ಹೊದಿಕೆ. ಸ್ಕೂಟರ್ ಹಾಕಿದ ಮೇಲೆ ಡಿಕ್ಕಿ ಬಾಗಿಲು ತೆರೆಯುವುದಿಲ್ಲ ಅನ್ನುವುದನ್ನೂ ನೆನಪಿಡಿ. ಮೊಸರನ್ನದ ಡಬ್ಬಿ ಒಳಗೆ ಸಿಕ್ಕಿಹಾಕಿಕೊಂಡರೆ ಮ್ಯಾಡಿಸನ್‌ವರೆಗೆ ಉಪವಾಸ.

ಮ್ಯಾಡಿಸನ್ನಿನಲ್ಲಿ ಕ್ಯಾಂಪಸ್ ಸುತ್ತಲಿನ ಬಾಡಿಗೆ ಕರಾರುಗಳು ಹೆಚ್ಚಾಗಿ ಆಗಸ್ಟ್ 14ಕ್ಕೆ ಮುಗಿದು 15ಕ್ಕೆ ಶುರುವಾಗುತ್ತವೆ. ಊರಿಗೆ ಊರೇ ಒಂದೇ ದಿನ ಮನೆ ಬದಲಾಯಿಸುತ್ತದೆ. ಆಗಸ್ಟ್ 15ರ ಬೆಳಿಗ್ಗೆ ಏಳಕ್ಕೆ ಹೊರಟೆವು. ರ‍್ಯಾಂಡಲ್ ರಸ್ತೆಯಲ್ಲಿ ಉತ್ತರಕ್ಕೆ ಹೋಗಿ ಐ-90 ಹೆದ್ದಾರಿ ಹಿಡಿದೆವು. ಮೊದಲ ಹದಿನೈದು ನಿಮಿಷಕ್ಕೇ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಪಟ್ಟಿ ಮುಟ್ಟಿ ನೋಡಿದೆ. ಮುಂದಿನ ಒಂದು ಪಟ್ಟಿ ಸಡಿಲ ಆಗಿತ್ತು. ಹೊಸ ಪಟ್ಟಿ ಮೊದಲ ಸಲ ಸ್ವಲ್ಪ ಹಿಗ್ಗುತ್ತದೆ. ಎರಡು ಕ್ಲಿಕ್ ಬಿಗಿದೆ. ಮತ್ತೆ ಬೆಲ್ವಿಡಿಯರ್ ಒಯಾಸಿಸ್ ಅನ್ನುವ ಹೆದ್ದಾರಿ ತಂಗುದಾಣದಲ್ಲಿ ನೋಡಿದಾಗ ಎಲ್ಲ ಹೇಗಿತ್ತೋ ಹಾಗೇ ಇತ್ತು. ಅಲ್ಲಿ ಕಾಫಿ ಕುಡಿದೆವು, ಅಂದರೆ ಇವರು ಕಾಫಿ ಅಂತ ಕೊಡುವ ನೀರು.

ಎಲ್ಲರೂ 70 ಮೈಲಿಯಲ್ಲಿ ಹೋಗುವ ರಸ್ತೆಯಲ್ಲಿ ನಾನು 60 ದಾಟಲಿಲ್ಲ. ಗಾಡಿ ಹಿಂದೆ ಎಳೆದ ಹಾಗೆ ಅನ್ನಿಸಲಿಲ್ಲ. ಆದರೆ ದೊಡ್ಡ ಲಾರಿ ಪಕ್ಕದಲ್ಲಿ ಹೋದಾಗ ಬಾಲ ಸ್ವಲ್ಪ ತೂಗಿದ ಹಾಗೆ ಆಗುತ್ತದೆ. ಸ್ಕೂಟರಿಗೆ ಹೊದಿಕೆ ಹಾಕಿದ್ದರೆ ಇನ್ನೂ ಜಾಸ್ತಿ ಆಗುತ್ತಿತ್ತು, ಗಾಳಿ ತುಂಬಿ ಪಟದಂತಾಗುತ್ತದೆ. ಹಿಂದಿನ ಕ್ಯಾಮರಾದಲ್ಲಿ ಕಾಣುವುದು ಬರೀ ಸ್ಕೂಟರಿನ ಹೊಟ್ಟೆ. ರಿವರ್ಸ್ ಹಾಕಿದರೆ ಸೆನ್ಸರ್ ಕಿರುಚಿಕೊಳ್ಳುತ್ತದೆ. ರಾಕ್‌ಫರ್ಡ್ ದಾಟಿ ಬೆಲಾಯ್ಟ್ ಹತ್ತಿರ ರಾಜ್ಯದ ಗಡಿ ಬಂದಾಗ ಮಗಳು ಹಿಂದಕ್ಕೆ ತಿರುಗಿ ನೋಡಿ, "ಅಪ್ಪ, ಅಜ್ಜಿ ಜಮಖಾನ ಹಾರ್ತಾ ಇದೆ" ಅಂದಳು. ನಿಲ್ಲಿಸಿ ನೋಡಿದರೆ ಮರ ಬಿಗಿಯಾಗಿಯೇ ಇತ್ತು, ಜಮಖಾನದ ಒಂದು ಅಂಚು ಮಾತ್ರ ಆಚೆ ಬಂದಿತ್ತು. ಒಳಗೆ ಸಿಕ್ಕಿಸಿದೆ.

ಮ್ಯಾಡಿಸನ್ನಿನ ಬೀದಿಗಳ ಎರಡೂ ಬದಿಗೆ ಜನ ಬಿಟ್ಟುಹೋದ ಸೋಫಾ, ಮಂಚ, ಮೇಜುಗಳ ರಾಶಿ. ಅದರ ನಡುವೆ ಫುಟ್‌ಪಾತಿನ ಅಂಚು ಹುಡುಕಿ ರ್ಯಾಂಪ್ ಹಾಕಿದೆವು. ಇಳಿಸಲು ನಾಲ್ಕು ನಿಮಿಷ. ಮಗಳು ರಬ್ಬರ್ ಬ್ಯಾಂಡ್ ಬಿಚ್ಚಿ ಕೂದಲಿಗೆ ಹಾಕಿಕೊಂಡು, ಟೆನಿಸ್ ಚೆಂಡು ನನ್ನ ಕೈಗೆ ಕೊಟ್ಟು, ಒಂದೇ ಸಲಕ್ಕೆ ಸ್ಟಾರ್ಟ್ ಮಾಡಿದಳು. ಬಿರುಕಿನ ಮೇಲೆ ಆಗಲೇ ಒಂದು ಸ್ಟಿಕ್ಕರ್ ಅಂಟಿಸಿದ್ದಳು.

ಬರುವಾಗ ಖಾಲಿ ರ್ಯಾಕನ್ನು ಬೆನ್ನಿಗೇ ಬಿಡಬಹುದು ಅಂದುಕೊಂಡಿದ್ದೆ. ಎರಡು ಬೀದಿ ದಾಟುವಷ್ಟರಲ್ಲಿ ಗಡಗಡ ಸದ್ದು, ಮೇಲೆ ಕಾಣದೆ ಯಾರಾದರೂ ಮೊಣಕಾಲು ಬಡಿದುಕೊಳ್ಳುವ ಭಯ. ಪಿನ್ ತೆಗೆದು ಎಳೆದರೆ ಬರಲಿಲ್ಲ. ಒಂದೇ ತಿಂಗಳಿಗೆ ಕಂಬ ರಿಸೀವರಿನೊಳಗೆ ತುಕ್ಕು ಹಿಡಿದು ಕೂತಿತ್ತು. ಯಾರೋ ಬಿಸಾಕಿದ್ದ ಮಂಚದ ಕಾಲಿನಿಂದ ನಾಲ್ಕು ಏಟು ಕೊಟ್ಟ ಮೇಲೆ ಸಡಿಲವಾಯಿತು. ಮೇ ತಿಂಗಳಲ್ಲಿ ಸ್ಕೂಟರ್ ವಾಪಸ್ ತರಬೇಕು. ಮನೆಗೆ ಬಂದವನೇ ಕಂಬಕ್ಕೆ ಗ್ರೀಸ್ ಬಳಿದು, ರಿಸೀವರಿನ ಬಾಯಿಗೆ ರಬ್ಬರ್ ಬಿರಡೆ ಹಾಕಿ, ರ್ಯಾಕನ್ನು ಗ್ಯಾರೇಜಿನ ಗೋಡೆಗೆ ತೂಗುಹಾಕಿದೆ.